ಹನ್ನೆರಡನೆಯ ಸಾಲು

ನಮ್ಮಲ್ಲಿ ಸತ್ತವರ ಹೆಸರನ್ನು ಕೊನೆಯ ಊಟದ ತನಕ ಕರೆಯಬಹುದು, ಆಮೇಲೆ ಕರೆಯುವಂತಿಲ್ಲ. ಹಂದಿ ಕಡಿದು, ಊರಿಗೆಲ್ಲ ಹಂಚಿ, ಸತ್ತವರ ಕೈಲಿ ಒಂದು ಸುದ್ದಿ ಕೊಟ್ಟು ಹಿರಿಯರಿರುವ ಬೆಟ್ಟಕ್ಕೆ ಕಳಿಸಿದ ಮೇಲೆ ಆ ಹೆಸರೂ ಅವರ ಜೊತೆ ಹೋಗುತ್ತದೆ. ಮತ್ತೆ ಕರೆದರೆ ಅವರು ಅರ್ಧ ದಾರಿಯಿಂದ ತಿರುಗುತ್ತಾರೆ. ಇಲ್ಲಿಗೂ ಸೇರದೆ, ಅಲ್ಲಿಗೂ ಸೇರದೆ ಅಲೆಯುತ್ತಾರೆ. ಆದ್ದರಿಂದ ನನ್ನ ದೊಡ್ಡಮ್ಮನ ಮಗಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವಳು ನನಗಿಂತ ಐದು ವರ್ಷ ದೊಡ್ಡವಳು. ಅಕ್ಕ ಅನ್ನುತ್ತೇನೆ. ಅವಳ ಕೊನೆಯ ಊಟ ಆಗಬಾರದ ಹೊತ್ತಿನಲ್ಲಿ ಆಗಿಹೋಯಿತು, ಅದಕ್ಕೆ ಕಾರಣ ನಾನು.

ಅಕ್ಕ ಸತ್ತದ್ದು ಮುತ್ತಿಗೆಯ ಎರಡನೆಯ ವರ್ಷ. ಗಣಿಯ ಜಗಳ ಯುದ್ಧವಾಗಿ, ನಮ್ಮನ್ನು ಆಳುವ ಪಪುವಾ ನ್ಯೂಗಿನಿಯ ಸರ್ಕಾರ ನಮ್ಮ ಬೂಗನ್‌ವಿಲ್ ದ್ವೀಪದ ಸುತ್ತ ಕಡಲಿಗೆ ಬೀಗ ಹಾಕಿತ್ತು. ಉಪ್ಪಿಲ್ಲ, ಸೋಪಿಲ್ಲ, ಮಾತ್ರೆಯಿಲ್ಲ. ಜೀಪುಗಳನ್ನು ಕೊಬ್ಬರಿ ಎಣ್ಣೆಯಲ್ಲಿ ಓಡಿಸುತ್ತಿದ್ದೆವು, ಅವು ಹೋದ ದಾರಿಯೆಲ್ಲ ತಿಂಡಿ ಕರಿದ ವಾಸನೆ. ಅದನ್ನು ಹೇಳಿ ನಾವು ಈಗಲೂ ಜಂಬ ಪಡುತ್ತೇವೆ. ಆದರೆ ಮಲೇರಿಯಾ ಕೊಬ್ಬರಿ ಎಣ್ಣೆಗೆ ಬಗ್ಗುವುದಿಲ್ಲ. ಅಲೋಯಿಸ್ ಮಾವ, ಅಂದರೆ ನಮ್ಮಮ್ಮ ದೊಡ್ಡಮ್ಮ ಇಬ್ಬರ ತಮ್ಮ, ಮಾತ್ರೆ ತರುತ್ತೇನೆಂದು ದೋಣಿ ಹತ್ತಿ ಸಾಲೊಮನ್ ದ್ವೀಪಗಳ ಕಡೆ ಹೊರಟ. ಕಾವಲು ಹಡಗಿನವರು ಗುಂಡು ಹಾರಿಸಿದರು. ದೋಣಿಯ ತೂತಿಗೆ ದೀವಿಹಲಸಿನ ಅಂಟು ಮೆತ್ತಿಕೊಂಡು ಮೂರನೆಯ ದಿನ ಬರಿಗೈಲಿ ವಾಪಸು ಬಂದ. ಅಕ್ಕ ಹಿಂದಿನ ದಿನವೇ ಹೋಗಿದ್ದಳು. ಹದಿನೇಳು ವರ್ಷ.

ನಮ್ಮಲ್ಲಿ ನೆಲ ಹೆಣ್ಣಿನದು. ತಾಯಿಯಿಂದ ಮಗಳಿಗೆ ಬರುತ್ತದೆ. ದೊಡ್ಡಮ್ಮನಿಗೆ ಇದ್ದದ್ದು ಅವಳೊಬ್ಬಳೇ ಮಗಳು, ನಮ್ಮಮ್ಮನಿಗೆ ಇದ್ದದ್ದು ನಾನೊಬ್ಬ ಗಂಡು. ಹಾಗಾಗಿ ಅಕ್ಕನ ಜೊತೆ ನಮ್ಮ ಬಳಗದ ಮುಂದಿನ ಪುಟವೇ ಹರಿದುಹೋಯಿತು. ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೆ ಕೊನೆಯ ಊಟ ಮಾಡಿ ಮುಗಿಸುತ್ತಾರೆ. ದೊಡ್ಡಮ್ಮ ಒಪ್ಪಲಿಲ್ಲ.

"ಬೆಟ್ಟದ ಮೇಲೆ ಹಿರಿಯರು ಅವಳನ್ನ ಕೇಳ್ತಾರೆ, ಏನವ್ವ ಸುದ್ದಿ ತಂದೆ ಅಂತ. ಏನು ಹೇಳ್ತಾಳೆ? ಕಡಲಿಗೆ ಬೀಗ ಹಾಕಿದ್ರು, ಅದಕ್ಕೆ ಸತ್ತೆ, ಬೀಗದ ಕೈ ಇನ್ನೂ ಅವರ ಹತ್ರಾನೇ ಇದೆ ಅಂತಾಳಾ? ಅವಳು ಒಳ್ಳೇ ಸುದ್ದಿ ತಗೊಂಡು ಹೋಗ್ಬೇಕು. ಅಲ್ಲೀ ತನಕ ನನ್ನ ಹತ್ರಾನೇ ಇರ್ಲಿ," ಅಂದಳು.

ಇದ್ದಳು. ಇಪ್ಪತ್ತೆಂಟು ವರ್ಷ ಇದ್ದಳು. ಹಗಲು ಒಂದು ಸಲ, ಸಂಜೆ ಒಂದು ಸಲ, ಗೆಣಸು ಬೆಂದ ಕೂಡಲೇ ದೊಡ್ಡಮ್ಮ ಬಾಳೆಲೆಯ ತುಂಡಿನಲ್ಲಿ ಒಂದು ಪಾಲು ಇಟ್ಟು ಬಾಗಿಲಿಗೆ ಬಂದು ಅವಳ ಹೆಸರು ಹಿಡಿದು ಊಟಕ್ಕೆ ಕರೆಯುತ್ತಿದ್ದಳು. ಇಳಿಜಾರಿನ ಕೆಳಗಿನ ಮನೆಗಳಿಗೂ ಕೇಳಿಸುವ ಕಂಠ ಅದು. ಆ ಕೂಗು ಕೇಳಿ ಊರಿನವರು ಒಲೆ ಆರಿಸುತ್ತಿದ್ದರು. ಯುದ್ಧ ಮುಗಿದ ಮೇಲೆ ಹುಟ್ಟಿದ ಮಕ್ಕಳಿಗೂ ಆ ಹೆಸರು ಬಾಯಿಪಾಠವಾಗಿತ್ತು. ಅವಳು ಸತ್ತವಳೆಂದು ಎಷ್ಟೋ ಮಕ್ಕಳಿಗೆ ತಡವಾಗಿ ಗೊತ್ತಾಗುತ್ತಿತ್ತು.

ಶಾಂತಿ ಒಪ್ಪಂದ ಆದಾಗ ಅದರಲ್ಲೊಂದು ಮಾತು ಬರೆದಿದ್ದರು: ಮುಂದೊಂದು ದಿನ ಈ ದ್ವೀಪದ ಜನರನ್ನೇ ಕೇಳಲಾಗುವುದು, ಪಪುವಾ ನ್ಯೂಗಿನಿಯ ಜೊತೆ ಇರುತ್ತೀರೋ ಬೇರೆಯಾಗುತ್ತೀರೋ ಎಂದು. ಜನಮತ. ಆ ದಿನ ಬರುವುದಕ್ಕೆ ಹದಿನೆಂಟು ವರ್ಷ ಹಿಡಿಯಿತು. ಅಷ್ಟು ಹೊತ್ತಿಗೆ ನಾನು ಊರಿನ ಶಾಲೆಗೆ ಮೇಷ್ಟ್ರಾಗಿದ್ದೆ. ಓದಿದವನೆಂದು ನನ್ನನ್ನೇ ಮತಗಟ್ಟೆಯ ಅಧಿಕಾರಿ ಮಾಡಿದರು. ಪಟ್ಟಣದಲ್ಲಿ ಮೂರು ದಿನ ತರಬೇತಿ, ಒಂದು ಟೋಪಿ, ಒಂದು ಚೀಲ, ಜನರಿಗೆ ಓದಿ ಹೇಳಲು ಹನ್ನೆರಡು ಸಾಲಿನ ಒಂದು ಕರಪತ್ರ. ಟೋಪಿ ನನಗೆ ಚೆನ್ನಾಗಿ ಒಪ್ಪುತ್ತಿತ್ತು. ಅದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಆಗಿದ್ದರಲ್ಲಿ ಆ ಟೋಪಿಯ ಪಾಲೂ ಇದೆ.

ಸಭೆಯ ಮನೆಯಲ್ಲಿ ಊರೆಲ್ಲ ಸೇರಿತ್ತು. ಅಡಿಕೆ, ವೀಳ್ಯದ ಬಳ್ಳಿಯ ಎಲೆಕಾಯಿ, ಸುಣ್ಣದ ಸೋರೆಬುರುಡೆ ಕೈಯಿಂದ ಕೈಗೆ ಓಡಾಡುತ್ತಿತ್ತು. ನಮ್ಮ ಊರಿನಲ್ಲಿ ಯಾವ ತೀರ್ಮಾನವಾದರೂ ಹೀಗೆಯೇ. ಅಗಿಯುತ್ತಾ ಕೂರುವುದು, ಒಬ್ಬ ಬೇಡವೆಂದರೂ ಇನ್ನೊಂದು ವಾರ ಕೂರುವುದು. ಎಲ್ಲರ ಬಾಯಲ್ಲೂ ಒಂದೇ ಮಾತು ಬಂದ ದಿನ ಎಲ್ಲರೂ ಒಟ್ಟಿಗೆ ಉಗಿದು ಏಳುವುದು. ಅಲ್ಲಿಗೆ ಅದು ಆದ ಹಾಗೆಯೇ. ಬೇಲಿ ಹಾಕುವ ಮಾತಾದರೆ ಬೇಲಿ ಬಿದ್ದ ಹಾಗೆ, ಮದುವೆಯ ಮಾತಾದರೆ ಮದುವೆಯಾದ ಹಾಗೆ. ಆಡಿದ ಮೇಲೆ ಇನ್ನೊಬ್ಬರ ಸಹಿಗೆ ಕಾಯುವುದೆಂಬುದು ನಮಗೆ ಗೊತ್ತೇ ಇಲ್ಲ.

ನಾನು ಟೋಪಿ ಸರಿಮಾಡಿಕೊಂಡು ಸಾಲು ಸಾಲಾಗಿ ಓದಿ ಅರ್ಥ ಹೇಳಿದೆ. ಚೀಟಿಯಲ್ಲಿ ಎರಡು ಚೌಕ ಇರುತ್ತದೆ ಎಂದಾಗ ಅಲೋಯಿಸ್ ಮಾವ ಬಾಯಿ ಹಾಕಿದ.

"ಎರಡು ಯಾಕೋ ಮೇಷ್ಟ್ರೇ? ನಮಗೆ ಬೇಕಾಗಿರೋದು ಒಂದೇ ಅಲ್ವಾ? ಕಾಗದ ದಂಡ."

"ಮೊದಲನೇ ಚೌಕ ಹೆಚ್ಚಿನ ಸ್ವಾಯತ್ತತೆ, ಮಾವ. ಅಂದ್ರೆ ಅವರ ಜೊತೇನೇ ಇರೋದು, ಈಗಿರೋದಕ್ಕಿಂತ ಸ್ವಲ್ಪ ಜಾಸ್ತಿ ಅಧಿಕಾರ."

"ಗೊತ್ತಾಯ್ತು ಬಿಡು. ಹಂದಿ ಹಗ್ಗ ಎರಡು ಮೊಳ ಉದ್ದ ಮಾಡ್ತಾರೆ. ಎರಡನೇದು?"

"ಸ್ವಾತಂತ್ರ್ಯ."

"ಅದನ್ನ ಮೊದಲನೇ ಚೌಕಕ್ಕೆ ಹಾಕೋಕೆ ಏನಾಗಿತ್ತಂತೆ ಆ ಮುಂಡೇವಕ್ಕೆ?"

ಎಲ್ಲರೂ ನಕ್ಕರು. ಹನ್ನೊಂದು ಸಾಲು ಹೀಗೆ ನಗುನಗುತ್ತಾ ಆಯಿತು. ಹನ್ನೆರಡನೆಯ ಸಾಲಿಗೆ ಬಂದೆ. ಅದು ಹೀಗಿತ್ತು: 'ಮತದಾನದ ಫಲಿತಾಂಶದ ಬಗ್ಗೆ ಎರಡೂ ಸರ್ಕಾರಗಳು ಸಮಾಲೋಚನೆ ನಡೆಸುವುವು, ಕೊನೆಯ ತೀರ್ಮಾನ ಪಪುವಾ ನ್ಯೂಗಿನಿಯ ಸಂಸತ್ತಿನದು.'

ಅದನ್ನು ಓದಬೇಕೆಂದು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ದೊಡ್ಡಮ್ಮ ಎದ್ದು ನಿಂತಳು. ಸಭೆಯಲ್ಲಿ ಅವಳು ಏಳುವುದು ಅಪರೂಪ. ಎಲ್ಲರ ಅಗಿತ ನಿಂತಿತು.

"ಮಗಾ, ನನಗೆ ಒಂದೇ ಮಾತು ಹೇಳು. ನಾವೆಲ್ಲ ಎರಡನೇ ಚೌಕಕ್ಕೆ ಗೀಟು ಹಾಕಿದ್ರೆ, ಆಯ್ತಾ? ಮುಗೀತಾ?"

ಊರಿಗೆ ಊರೇ ನನ್ನ ಮುಖ ನೋಡುತ್ತಿತ್ತು. ಬಾಗಿಲ ಬಳಿ ಹಳೆಯ ಹೋರಾಟಗಾರರು ನಿಂತಿದ್ದರು. ಅವರಲ್ಲೊಬ್ಬನಿಗೆ ಒಂದು ಕಾಲಿಲ್ಲ. ಹುಟ್ಟಿದಾಗಿನಿಂದ ನನ್ನ ಮಾತನ್ನು ಇಷ್ಟು ಜನ ಇಷ್ಟು ಗಮನವಿಟ್ಟು ಕೇಳಿರಲಿಲ್ಲ. ಹೆದರಿಕೆಯೂ ಇತ್ತು, ಹಿಗ್ಗೂ ಇತ್ತು. ಅದಕ್ಕಿಂತ ಹೆಚ್ಚಾಗಿ ನಾನೇ ನಂಬಿದ್ದೆ. ಊರೆಲ್ಲ ಒಂದೇ ಮಾತು ಹೇಳಿದ ಮೇಲೆ ಯಾವ ಸಂಸತ್ತು ತಾನೇ ಇಲ್ಲವೆನ್ನುತ್ತದೆ? ಪುಸ್ತಕ ಎಷ್ಟು ಓದಿದರೂ ನಾನು ಇದೇ ಮಣ್ಣಿನವನು ತಾನೇ. ಕರಪತ್ರವನ್ನು ಮಡಚಿ ಜೇಬಿಗಿಟ್ಟೆ.

"ಆಯ್ತು ದೊಡ್ಡಮ್ಮ. ಅಲ್ಲಿಗೆ ಮುಗೀತು," ಅಂದೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ. ನನ್ನದು ಒಂದು ಸಾಲಿಗೆ ಹೋಯಿತು.

ಓಟಿನ ದಿನವನ್ನು ಮಾತ್ರ ಯಾರೂ ನಮ್ಮಿಂದ ಕಿತ್ತುಕೊಳ್ಳುವಂತಿಲ್ಲ. ಬಿದಿರು ಕೊಳವೆಗಳನ್ನು ಚಪ್ಪಲಿಯಿಂದ ಬಡಿಯುತ್ತಾ, ಊದುತ್ತಾ, ಕುಣಿಯುತ್ತಾ ಮೂರು ಊರಿನವರು ಶಾಲೆಗೆ ಬಂದರು. ಮುದುಕರನ್ನು ಹೊತ್ತು ತಂದರು. ಚೀಟಿ ಕೈಗೆ ಬಂದ ಕೂಡಲೇ ಅಳುವವರು ಎಷ್ಟೋ ಜನ. ಪರದೆಯ ಹಿಂದಿನಿಂದ ಬಿಕ್ಕುವುದು ಕೇಳಿಸುತ್ತಿತ್ತು, ಆಮೇಲೆ ಪೆನ್ಸಿಲಿನ ಸದ್ದು. ದೊಡ್ಡಮ್ಮ ಚರ್ಚಿಗೆ ಹೋಗುವ ನೀಲಿ ರವಿಕೆ ಹಾಕಿಕೊಂಡು, ತೋಳಿಗೆ ಅಕ್ಕನ ಹಳೆಯ ಬುಟ್ಟಿ ಸಿಕ್ಕಿಸಿಕೊಂಡು ಬಂದಳು. ಮಗಳ ಹೆಸರು ಹೇಳಿ ಕೇಳಿದಳು:

"ಇವಳದ್ದು ಪಟ್ಟೀಲಿ ಇದೆಯೇನೋ?"

"ಇಲ್ಲ ದೊಡ್ಡಮ್ಮ. ಬದುಕಿರೋರದ್ದು ಮಾತ್ರ."

"ಸರಿ ಹಾಗಾದ್ರೆ. ನನ್ನ ಬೆರಳಿಗೆ ಎರಡು ಸಲ ಬಳಿ."

ನಿಯಮದಲ್ಲಿ ಅದು ಇಲ್ಲ. ಆದರೂ ಎರಡು ಬೆರಳಿಗೆ ಶಾಯಿ ಹಚ್ಚಿದೆ. ನಾನು ಮಾಡಿದ ಕೆಲಸದಲ್ಲಿ ನನಗೆ ನಾಚಿಕೆಯಿಲ್ಲದ್ದು ಅದೊಂದೇ.

ಫಲಿತಾಂಶ ಬಂದದ್ದು ಡಿಸೆಂಬರಿನ ಒಂದು ಮಧ್ಯಾಹ್ನ. ಅಲೋಯಿಸ್ ಮಾವನ ಜಗಲಿಯ ಮೇಲೆ ರೇಡಿಯೊ ಇಟ್ಟು ಎಲ್ಲರೂ ಸುತ್ತ ಕೂತಿದ್ದೆವು. ನೂರಕ್ಕೆ ಸುಮಾರು ತೊಂಬತ್ತೆಂಟು ಜನ ಸ್ವಾತಂತ್ರ್ಯಕ್ಕೆ ಎಂದು ರೇಡಿಯೊ ಹೇಳಿತು. ಹೆಂಗಸರು ಮಣ್ಣಿಗೆ ಮುತ್ತಿಟ್ಟರು. ಮಾವ ಮಾತ್ರ ಹುಬ್ಬು ಗಂಟಿಕ್ಕಿ ಕೂತಿದ್ದ.

"ಆ ಇಬ್ಬರು ಯಾರೋ?"

"ಯಾವ ಇಬ್ಬರು ಮಾವ?"

"ನೂರಕ್ಕೆ ಇಬ್ಬರು ಬೇಡ ಅಂದವ್ರೆ ಅಂತಲ್ಲಪ್ಪಾ. ಅವರನ್ನ ಕರೀರಿ. ಅಡಿಕೆ ಕೊಟ್ಟು ಕೂರಿಸೋಣ, ಏನು ಬೇಜಾರು ಕೇಳೋಣ. ಎರಡು ವಾರ ಕೂತ್ರೆ ಒಪ್ತಾರೆ."

"ಅದು ಗುಟ್ಟಿನ ಓಟು ಮಾವ, ಯಾರು ಅಂತ ಗೊತ್ತಾಗಲ್ಲ."

"ಗುಟ್ಟಾಗಿ ಬೇಡ ಅನ್ನೋದು ಅಂದ್ರೇನೋ? ಕಳ್ಳತನಾನಾ?" ಅವನಿಗೆ ಅದು ಕೊನೆಯ ತನಕ ಅರ್ಥವಾಗಲಿಲ್ಲ.

ದೊಡ್ಡಮ್ಮ ಅಷ್ಟು ಹೊತ್ತಿಗೆ ಎದ್ದಾಗಿತ್ತು. "ಬರೋ ಭಾನುವಾರ ಊಟ," ಅಂದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಕಂಡಿರಲಿಲ್ಲ. ಎಪ್ಪತ್ತೆರಡು ವರ್ಷದ ಹೆಂಗಸು ಹುಡುಗಿಯ ಹಾಗೆ ಇಳಿಜಾರು ಇಳಿದಳು. ನಾನು ಹಿಂದೆಯೇ ಓಡಿದೆ.

"ದೊಡ್ಡಮ್ಮ, ಸ್ವಲ್ಪ ತಡಿ. ಇನ್ನೊಂದು ವರ್ಷ ಹೋಗ್ಲಿ."

"ಯಾಕೆ?"

ಹೇಳುವುದಕ್ಕೆ ಅದೇ ಸಮಯ. ಜೇಬಿನಲ್ಲಿ ಕರಪತ್ರವೂ ಇತ್ತು.

"ಹಂದಿ ಇನ್ನೂ ಸಣ್ಣವು," ಅಂದೆ.

"ಇಪ್ಪತ್ತೆಂಟು ವರ್ಷದಿಂದ ಅವಳಿಗೆ ಅಂತ ಮರಿ ಮೇಲೆ ಮರಿ ಸಾಕಿದೀನಿ. ಹಂದಿ ಸಣ್ಣವಂತೆ! ನಿನ್ನ ತಲೇಲಿರೋದು ಸಣ್ಣದು ಕಣೋ," ಎಂದು ನಕ್ಕು ನನ್ನ ಕೆನ್ನೆ ಚಿವುಟಿದಳು.

ಐದು ಹಂದಿ. ಕೆಸುವಿನ ಗೆಡ್ಡೆಯನ್ನು ಬೇಯಿಸಿ ಒರಳಿನಲ್ಲಿ ಕುಟ್ಟಿ ಕಾಯಿಹಾಲು ಕಾಸಿದ ಎಣ್ಣೆ ಸುರಿದು ಮಾಡುವ ಹಿಟ್ಟು ದೊಡ್ಡ ದೊಡ್ಡ ಮರಿಗೆಗಳಲ್ಲಿ. ಆರು ಊರಿನ ಜನ. ಊಟ ಮುಗಿದ ಮೇಲೆ ದೊಡ್ಡಮ್ಮ ಅಕ್ಕನ ಬುಟ್ಟಿ ತಂದಳು. ಅದರಲ್ಲಿ ಒಂದು ಬಾಚಣಿಗೆ, ಒಂದು ಸುಣ್ಣದ ಬುರುಡೆ, ಸ್ವಲ್ಪ ಕೂದಲು. ಹೊಳೆಯ ದಂಡೆಯಲ್ಲಿ ಅದನ್ನು ಬೆಂಕಿಗಿಟ್ಟು, ಹೊಗೆ ಬೆಟ್ಟದ ಕಡೆ ತಿರುಗುವ ತನಕ ಕಾದು, ಮಗಳ ಹೆಸರನ್ನು ಮೂರು ಸಲ ಕರೆದಳು. ಆಮೇಲೆ ಸುದ್ದಿ ಹೇಳಿದಳು.

"ಹೋಗಿ ಬಾ ಮಗಳೇ. ಹಿರಿಯರು ಕೇಳಿದ್ರೆ ಹೇಳು. ನಮ್ಮ ನೆಲ ನಮ್ಮದಾಯ್ತು. ಇನ್ಮೇಲೆ ನಮ್ಮ ಕಡಲಿಗೆ ಯಾರೂ ಬೀಗ ಹಾಕಲ್ಲ. ನಮ್ಮವ್ವ ಹೇಳಿದ್ದು ಅಂತ ಹೇಳು. ನಿನ್ನ ತಮ್ಮ ಓದಿ ಹೇಳಿದಾನೆ, ಸುಳ್ಳಲ್ಲ."

ನಾನು ಅಲ್ಲೇ, ಅವಳ ಪಕ್ಕದಲ್ಲೇ, ಕಟ್ಟಿಗೆ ಹಿಡಿದು ನಿಂತಿದ್ದೆ. ಬಾಯಲ್ಲಿ ಹಂದಿಯ ಕೊಬ್ಬಿನ ರುಚಿ ಇನ್ನೂ ಇತ್ತು. ಮರುದಿನ ಸಂಜೆ ಊರಿನಲ್ಲಿ ಕೂಗು ಕೇಳಲಿಲ್ಲ. ಒಲೆ ಆರಿಸುವುದು ಮರೆತು ಎರಡು ಮನೆಯಲ್ಲಿ ಗೆಣಸು ಸೀದುಹೋಯಿತು.

ಒಂದು ವರ್ಷ ಜಗತ್ತಿಗೆಲ್ಲ ಹಬ್ಬಿದ ರೋಗದ ಗಲಾಟೆಯಲ್ಲಿ ಹೋಯಿತು. ದೊಡ್ಡವರು ಸಮಾಲೋಚನೆ ಮಾಡುತ್ತಿದ್ದಾರೆ ಎಂದು ರೇಡಿಯೊ ಆಗಾಗ ಹೇಳುತ್ತಿತ್ತು. ಊರಿನವರು ಅದನ್ನು ಮದುವೆ ಮನೆಯ ಪಾತ್ರೆ ತೊಳೆಯುವ ಸದ್ದಿನ ಹಾಗೆ ಕೇಳಿಸಿಕೊಂಡರು: ಮದುವೆ ಆಗಿದೆಯಲ್ಲ, ಇನ್ನೇನು. ಎರಡನೆಯ ವರ್ಷ ಒಂದು ಬೆಳಿಗ್ಗೆ ನಾನು ಮೂರನೆಯ ತರಗತಿಗೆ ಮಗ್ಗಿ ಹೇಳಿಸುತ್ತಿದ್ದಾಗ ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದಳು.

"ಮೇಷ್ಟ್ರೇ," ಅಂದಳು. ಅವಳು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. "ರೇಡಿಯೋಲಿ ಹೇಳ್ತಾವ್ರೆ. ಎರಡು ಸಾವಿರದ ಇಪ್ಪತ್ತೇಳರ ಒಳಗೆ ತೀರ್ಮಾನ ಅಂತೆ. ಏನು ತೀರ್ಮಾನ? ನಾವು ಮಾಡಿದ್ದು ಏನು ಮತ್ತೆ?"

ಮಕ್ಕಳು ಮಗ್ಗಿ ನಿಲ್ಲಿಸಿದರು. ನಾನು ಅವಳನ್ನು ಅಂಗಳಕ್ಕೆ ಕರೆದೊಯ್ದೆ.

"ಅವರ ಸಂಸತ್ತು ಒಪ್ಪಬೇಕು ದೊಡ್ಡಮ್ಮ. ಆಮೇಲೆ ಆಗುತ್ತೆ."

"ಒಪ್ಪದೇ ಇದ್ರೆ?"

"ಒಪ್ತಾರೆ. ಒಪ್ಪದೇ ಎಲ್ಲಿಗೆ ಹೋಗ್ತಾರೆ?"

"ಒಪ್ಪದೇ ಇದ್ರೆ ಏನು ಅಂತ ಕೇಳಿದೆ."

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

"ಇದು ನಿನಗೆ ಆವತ್ತೇ ಗೊತ್ತಿತ್ತಾ?"

"ಇಲ್ಲ," ಅಂದೆ. ಈ ಸುಳ್ಳು ಹಿಂದಿನವಕ್ಕಿಂತ ಸಲೀಸಾಗಿ ಬಂತು.

"ಸದ್ಯ," ಅಂದಳು. "ಗೊತ್ತಿದ್ದೂ ಹೇಳಲಿಲ್ಲ ಅಂದಿದ್ರೆ ಈ ಕೈಲೇ ಕೊಲ್ತಿದ್ದೆ." ಹಿಂತಿರುಗಿ ಎರಡು ಹೆಜ್ಜೆ ನಡೆದವಳು ನಿಂತಳು. "ಅವಳು ಅಲ್ಲಿಗೆ ಹೋಗಿ ಹೇಳಿರ್ತಾಳೆ. ನಮ್ಮದಾಯ್ತು ಅಂತ ಹಿರಿಯರ ಮುಂದೆ ನಿಂತು ಹೇಳಿರ್ತಾಳೆ. ಅವರಿಗೆ ಎಲ್ಲ ಕಾಣುತ್ತೆ ಕಣೋ. ನನ್ನ ಮಗಳನ್ನ ಸುಳ್ಳುಗಾತಿ ಮಾಡಿದೆ ನಾನು."

ಸಂಸತ್ತು ಒಪ್ಪಬೇಕೆಂಬ ಮಾತನ್ನು ಅಲೋಯಿಸ್ ಮಾವನ ಬಳಿ ಹೇಳಿಕೊಂಡೆ. ಅವನಿಗೂ ಹನ್ನೆರಡನೆಯ ಸಾಲಿನ ವಿಷಯ ಹೇಳಲಿಲ್ಲ. ಮಾವ ಆ ಇಬ್ಬರ ಲೆಕ್ಕವನ್ನೇ ಇನ್ನೂ ಬಿಟ್ಟಿರಲಿಲ್ಲ, ಈಗ ಸಂಸತ್ತಿನ ನೂರಾ ಚಿಲ್ಲರೆ ಜನ ಹೊಸದಾಗಿ ಸಿಕ್ಕರು.

"ಅವರು ನಮ್ಮ ಸಭೇಲಿ ಕೂತೇ ಇಲ್ವಲ್ಲೋ. ಕೂರದೇ ಇದ್ದೋರು ಎಂಗೆ ಒಪ್ತಾರೆ? ಕೂರಿಸಬೇಕು," ಅಂದ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆ ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಪೂಜಾರಿಗೂ ಅಡಿಕೆ ಕೊಟ್ಟು ನೋಡೋಣ ಎಂದು ಅವನ ಹಟ. ಆ ಸಂಸತ್ತಿನವರ ಒಂದು ನಿಯೋಗ ಪಟ್ಟಣಕ್ಕೆ ಬರುತ್ತದೆಂದು ಗೊತ್ತಾದಾಗ ಒಂದು ಚೀಲ ಅಡಿಕೆ, ಹೊಸ ಸುಣ್ಣ, ಹಸಿ ಎಲೆಕಾಯಿ ಹೊತ್ತು ಹೊರಟ. ನಾನೂ ಜೊತೆಗೆ ಹೋದೆ. ಹೋಟೆಲಿನ ಅಂಗಳದಲ್ಲಿ ಬಿಸಿಲಲ್ಲಿ ನಿಂತೆವು. ಅವರು ಒಳ್ಳೆಯವರೇ. ಕೈಕುಲುಕಿದರು, ಮುದುಕನ ಭುಜ ತಟ್ಟಿದರು, ಅಡಿಕೆ ಬಾಯಿಗೆ ಹಾಕಿಕೊಂಡರು. ಒಬ್ಬರು ಫೋಟೊ ತೆಗೆಸಿಕೊಂಡರು. ಮಾವ ನೆಲದ ಮೇಲೆ ಚಾಪೆ ಹಾಸಿ ಕೂತು, "ಬನ್ನಿ ಸ್ವಾಮಿ, ಶುರು ಮಾಡೋಣ," ಅಂದ. ಅವರಿಗೆ ಮಧ್ಯಾಹ್ನ ವಿಮಾನವಿತ್ತು. ಮಾವ ಆ ಚಾಪೆಯ ಮೇಲೆ ಸಂಜೆ ತನಕ ಕೂತಿದ್ದ.

"ಅಡಿಕೆ ತಿಂದ್ರು, ಕೂರಲಿಲ್ಲ. ಇದೆಂಥ ಜನವೋ," ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಬಂದ. ಮುಂದಿನ ಮಳೆಗಾಲಕ್ಕೆ ತೀರಿಕೊಂಡ.

ನನಗೆ ಸಿಟ್ಟು ಬರುತ್ತದೆ. ಕೇಳುವ ಮನಸ್ಸಿಲ್ಲದವರು ಯಾಕೆ ಕೇಳಬೇಕು? ನಮ್ಮ ಬಾಯಿ ತೆರೆಸಿ, ಕುಣಿಸಿ, ಅಳಿಸಿ, ಬೆರಳಿಗೆ ಶಾಯಿ ಬಳಿದು, ಸರಿ ನಿಮ್ಮ ಅಭಿಪ್ರಾಯ ಗೊತ್ತಾಯಿತು ಅನ್ನುವುದಾದರೆ, ಆ ಶಾಯಿಯನ್ನು ನಮ್ಮ ಮುಖಕ್ಕೇ ಬಳಿಯಬಹುದಿತ್ತು. ಆಮೇಲೆ ಸಂಸತ್ತಿನಲ್ಲಿ ಎಷ್ಟು ಕೈ ಎತ್ತಿದರೆ ಒಪ್ಪಿಗೆ, ಅರ್ಧಕ್ಕಿಂತ ಒಂದು ಹೆಚ್ಚು ಸಾಕೋ ಮೂರರಲ್ಲಿ ಎರಡು ಪಾಲು ಬೇಕೋ ಎಂದು ಜಗಳವಾಡಿದರು. ಅದಕ್ಕೊಬ್ಬ ಮಧ್ಯಸ್ಥನನ್ನು ಕರೆಸಿದರು. ಇದನ್ನೆಲ್ಲ ಬೈಯುತ್ತೇನೆ, ಬೈದು ಮುಗಿದ ಮೇಲೆ ಜೇಬಿಗಿಟ್ಟ ಕರಪತ್ರ ನೆನಪಾಗುತ್ತದೆ. ಅವರು ಬರೆದಿದ್ದರು. ಮುಚ್ಚಿಟ್ಟವನು ನಾನು.

ಪ್ರತಿ ತಿಂಗಳೂ ಶಾಲೆಗೆ ಸಂಬಳದ ದಿನ ದೊಡ್ಡಮ್ಮ ಬರುತ್ತಿದ್ದಳು. "ಆಯ್ತಾ?" ಎಂದು ಒಂದೇ ಮಾತು. "ಇನ್ನೂ ಇಲ್ಲ." ಹೋಗುತ್ತಿದ್ದಳು. ನಾಲ್ಕು ವರ್ಷ ಹೀಗೆ. ಈ ವರ್ಷದ ಮೊದಲಿಗೆ ಬರುವುದು ನಿಲ್ಲಿಸಿದಳು, ಕಾಲು ಊದಿಕೊಂಡಿತ್ತು. ಕೆಳಗಿನ ಆರೋಗ್ಯ ಕೇಂದ್ರದ ನರ್ಸು ಬಂದು ನೋಡಿ ನನ್ನನ್ನು ಆಚೆಗೆ ಕರೆದು, ಹೃದಯ ಸೋತಿದೆ, ಹೆಚ್ಚು ದಿನವಿಲ್ಲ ಅಂದಳು. ಈಗ ಮಾತ್ರೆಗಳಿವೆ. ಒಂದು ಡಬ್ಬಿಯೇ ಇತ್ತು ತಲೆದಿಂಬಿನ ಹತ್ತಿರ.

ಬೆಳಿಗ್ಗೆ ಹತ್ತರ ಹೊತ್ತು. ಬಿದಿರು ತಟ್ಟಿಯ ಸಂದಿನಿಂದ ಬಿಸಿಲು ಚಾಪೆಯ ಮೇಲೆ ಬಿದ್ದಿತ್ತು. ನಾನು ಗೆಣಸು ಸುಲಿದು ಬಾಯಿಗಿಡುತ್ತಿದ್ದೆ. ಬೇಡವೆಂದು ಕೈ ಸರಿಸಿದಳು.

"ಮಗಾ, ಆಯ್ತಾ?"

ಆಯಿತು ಅನ್ನಬಹುದಿತ್ತು. ಸಾಯುವವಳಿಗೆ ಯಾರಾದರೂ ಹಾಗೆಯೇ ಅನ್ನುತ್ತಾರೆ. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಒಬ್ಬಳನ್ನು ಸುಳ್ಳು ಸುದ್ದಿ ಕೊಟ್ಟು ಕಳಿಸಿಯಾಗಿತ್ತು, ಇನ್ನೊಬ್ಬಳನ್ನೂ ಹಾಗೆ ಕಳಿಸಲು ನನಗೆ ಧೈರ್ಯ ಬರಲಿಲ್ಲ. ಆ ಕರಪತ್ರವನ್ನು ಐದು ವರ್ಷದಿಂದ ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡಿದ್ದೆ. ಅವತ್ತು ಜೊತೆಗೆ ತಂದಿದ್ದೆ. ತೆಗೆದು, ಬಿಡಿಸಿ, ಹನ್ನೆರಡನೆಯ ಸಾಲನ್ನು ಓದಿದೆ. ನಮ್ಮ ಮಾತಿನಲ್ಲಿ ಅರ್ಥ ಹೇಳಿದೆ.

"ಇದು ಯಾವಾಗ ಬಂದಿದ್ದು?"

"ಆವತ್ತೇ. ಸಭೇಲಿ ನನ್ನ ಕೈಲೇ ಇತ್ತು. ನೀನು ಎದ್ದು ನಿಂತು ಕೇಳ್ದೆ, ನಾನು ಜೇಬಿಗಿಟ್ಕೊಂಡೆ."

ಕೊಲ್ಲುತ್ತೇನೆ ಅಂದಿದ್ದಳು. ಕೊಲ್ಲಲಿಲ್ಲ. ಕೈ ಚಾಚಿ ಕಾಗದವನ್ನು ತೆಗೆದುಕೊಂಡು ಆ ಸಾಲಿನ ಮೇಲೆ ಬೆರಳಿಟ್ಟಳು. ಓದು ಬಾರದವಳು.

"ಇಷ್ಟೇನಾ?"

"ಇಷ್ಟೇ."

"ಎಷ್ಟು ಚಿಕ್ಕದು ಕಣೋ. ಇಷ್ಟು ಓದೋಕೆ ನಿನಗೆ ಬಾಯಿ ಬರಲಿಲ್ವಾ?"

ನಾನು ಅತ್ತೆ. ನಲವತ್ತಾರು ವರ್ಷದ ಗಂಡಸು ಮೂಗು ಸುರಿಸಿಕೊಂಡು ಅತ್ತೆ. "ಓದಿದ್ರೆ ಯಾರೂ ಓಟು ಹಾಕ್ತಿರಲಿಲ್ಲ ಅನ್ನಿಸ್ತು ದೊಡ್ಡಮ್ಮ," ಅಂದೆ. ಅದೂ ಪೂರ್ತಿ ನಿಜವಲ್ಲ, ಆದರೆ ಬೇರೆ ಏನು ಹೇಳಲಿ.

"ಹಾಕ್ತಿದ್ದೆ. ಯಾಕೆ ಹಾಕ್ತಿರಲಿಲ್ಲ? ಒಂದು ಗೀಟು ಎಳೆಯೋಕೆ ಏನು ಖರ್ಚು?" ಅಂದಳು. ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡಳು. "ಅವಳನ್ನ ಕಳಿಸ್ತಿರಲಿಲ್ಲ. ಇನ್ನೂ ಇಲ್ಲೇ ಇರ್ತಿದ್ಲು. ದಿನಾ ಎರಡು ಹೊತ್ತು ಕರೀತಿದ್ದೆ."

ಬಾಗಿಲ ಕಡೆ ತಿರುಗಿದಳು. ಬಾಯಿ ತೆರೆಯಿತು. ಆ ಹೆಸರಿನ ಮೊದಲ ಅಕ್ಷರಕ್ಕೆ ತುಟಿ ಕೂಡಿದ್ದನ್ನು ನಾನು ಕಣ್ಣಾರೆ ಕಂಡೆ. ಕರೆದರೆ ಮಗಳು ಅರ್ಧ ದಾರಿಯಿಂದ ತಿರುಗುತ್ತಾಳೆ. ತುಟಿ ಬಿಗಿಹಿಡಿದು ಹಾಗೆಯೇ ನುಂಗಿದಳು.

"ಕೇಳು," ಅಂದಳು ಆಮೇಲೆ. "ನಾನು ಹೋದ ಮೇಲೆ ನನ್ನ ಕೊನೇ ಊಟ ಮಾಡೋನು ನೀನೇ ತಾನೇ?"

"ಹೂಂ."

"ಮಾಡಬೇಡ. ಅವಳ ಮುಂದೆ ಹೋಗಿ ಏನಂತ ನಿಂತ್ಕೊಳ್ಳಿ? ಅವ್ವಾ, ಯಾಕೆ ಸುಳ್ಳು ಹೇಳಿ ಕಳಿಸಿದೆ ಅಂದ್ರೆ? ಅದು ನಿಜ ಆಗೋ ತನಕ ನನ್ನನ್ನ ಇಲ್ಲೇ ಇಟ್ಕೊ. ದಿನಾ ಪಾಲು ಇಡು, ಹೆಸರು ಹಿಡಿದು ಕರಿ. ಒಂದು ಹೊತ್ತೂ ತಪ್ಪಿಸಬೇಡ. ತಪ್ಪಿಸಿದ್ರೆ ಹೊರಟುಹೋಗ್ಬಿಡ್ತೀನಿ, ನನಗೆ ಹೋಗೋಕೆ ಇಷ್ಟ ಇಲ್ಲ."

ಮಾರ್ಚಿನಲ್ಲಿ ಸತ್ತಳು. ಅವಳ ಕಡೆಯ ದಿನಗಳಲ್ಲಿ ಕಾಗದ ಅವಳ ಮುಷ್ಟಿಯಲ್ಲೇ ಇತ್ತು. ಅದನ್ನು ಬಿಡಿಸದೆ ಹಾಗೆಯೇ ಮಣ್ಣು ಮಾಡಿದೆವು.

ಈಗ ಅವಳ ಮನೆಯಲ್ಲಿ ನಾನಿದ್ದೇನೆ. ಮಾತುಕತೆ ಮುಂದುವರಿದಿದೆ ಎಂದು ರೇಡಿಯೊ ಹೇಳುತ್ತದೆ. ಸಮಿತಿಯೊಂದಾಯಿತು, ಸಮಿತಿಯ ವರದಿ ನೋಡಲು ಇನ್ನೊಂದು ಸಮಿತಿ. ಆಗುತ್ತದೆಂದು ನನಗೆ ನಂಬಿಕೆಯಿಲ್ಲ. ನನಗೆ ಅಕ್ಕತಂಗಿಯರಿಲ್ಲ, ಹಾಗಾಗಿ ಈ ಮನೆಯಲ್ಲಿ ನನ್ನ ನಂತರ ಪಾಲು ಇಡುವವರಿಲ್ಲ. ತಾಯಿ ಇಲ್ಲಿ, ಮಗಳು ಅಲ್ಲಿ. ನಡುವೆ ಇರುವುದು ನಾನು ಓದದ ಒಂದು ಸಾಲು.

ಗೆಣಸು ಬೆಂದ ಕೂಡಲೇ ಬಾಳೆಲೆಯ ತುಂಡಿನಲ್ಲಿ ಒಂದು ಪಾಲು ಇಟ್ಟು ಬಾಗಿಲಿಗೆ ಬರುತ್ತೇನೆ. ನನ್ನ ಕಂಠ ಅವಳದಷ್ಟು ದೊಡ್ಡದಲ್ಲ, ಆದರೂ ಕೆಳಗಿನ ಮನೆಯವರಿಗೆ ಕೇಳಿಸುತ್ತದಂತೆ. ಅವರು ಮತ್ತೆ ಆ ಹೊತ್ತಿಗೆ ಒಲೆ ಆರಿಸಲು ಶುರುಮಾಡಿದ್ದಾರೆ.

"ಪೆರ್ಪೆತುವಾ," ಎಂದು ದೊಡ್ಡಮ್ಮನ ಹೆಸರು ಹಿಡಿದು ಕರೆಯುತ್ತೇನೆ. "ಊಟಕ್ಕೆ ಬಾ. ಇನ್ನೂ ಆಗಿಲ್ಲ."